ಮೆಮೇರ್ ನಡಿಗೆ

ಮುದುಕ ಈ ಸಲವೂ ನಿಲ್ಲಲಿಲ್ಲ. ಪರದೆಯ ಮೇಲೆ ಬೆಳ್ಳಗೆ ಹಾಸಿದ್ದ ಕೆರೆಯ ಮಂಜುಗಡ್ಡೆಯಲ್ಲಿ ಸೊಂಟದವರೆಗೆ ಹೂತುಕೊಂಡು ಗಡಗಡ ನಡುಗಿದ. ಆರ್ವಿ ಬಾಣದ ಕೀ ಒತ್ತಿದ್ದೇ ತಡ, ಮಂಜನ್ನು ತೂರಿಕೊಂಡು ಕೆಳಕ್ಕೆ ಜಾರಿ, ಪರದೆಯ ಅಂಚು ದಾಟಿ ಕಾಣದಂತೆ ಹೋದ. ಕಾಣದಿದ್ದರೇನು, ಆಟದ ಲೆಕ್ಕದಲ್ಲಿ ಅವನಿನ್ನೂ ಬೀಳುತ್ತಲೇ ಇದ್ದ. ಅವನು ಎಷ್ಟು ಆಳದಲ್ಲಿದ್ದಾನೆಂದು ತೋರಿಸುವ ಅಂಕಿ ಮೂಲೆಯಲ್ಲಿ ಒಂದೇ ಸಮನೆ ಏರುತ್ತಿತ್ತು.

"ನಿಂತ್ಕೊಳ್ಳೋ ಮಾರಾಯ," ಎಂದ ಆರ್ವಿ ಪರದೆಗೆ. "ದಮ್ಮಯ್ಯ ಅಂತೀನಿ. ಒಂದೇ ಒಂದ್ಸಲ ನಿಂತ್ಕೋ."

ಅವನು ಕೂತಿದ್ದದ್ದು ಸಡ್ಬರಿಯಲ್ಲಿ, ತಾಯಿಯ ಮನೆಯ ನೆಲಮಾಳಿಗೆಯಲ್ಲಿ. ಚಾವಣಿಗೆ ತಾಗಿದಂತಿದ್ದ ಸಣ್ಣ ಕಿಟಕಿಯ ಅರ್ಧದವರೆಗೆ ಹೊರಗಿನ ಹಿಮ ಏರಿ ನಿಂತಿತ್ತು, ಉಳಿದರ್ಧದಲ್ಲಿ ಮಾರ್ಚ್ ತಿಂಗಳ ಮಬ್ಬು ಹಗಲು. ಏಳು ವರ್ಷ ಈ ಕುರ್ಚಿಯಲ್ಲೇ ಕೂತು ಕಟ್ಟಿದ ಆಟ ನಾಳೆ ಮಧ್ಯಾಹ್ನ ಹೊರಗೆ ಬರಬೇಕು. ಆಟಗಳನ್ನು ಮಾರುವ ದೊಡ್ಡ ಜಾಲತಾಣವೊಂದು ನಾಳೆಯ ದಿನ ಮೊದಲ ಪುಟದಲ್ಲಿ ಜಾಗ ಕೊಟ್ಟಿತ್ತು. ಅಲ್ಲಿ ಒಂದು ದಿನ ಕಾಣಿಸಿಕೊಂಡವರನ್ನು ಜಗತ್ತು ನೋಡುತ್ತದೆ, ತಪ್ಪಿಸಿಕೊಂಡವರನ್ನು ನಾಯಿಯೂ ಮೂಸುವುದಿಲ್ಲ. ಇದು ಆರ್ವಿಗೆ ಚೆನ್ನಾಗಿ ಗೊತ್ತಿತ್ತು. ಮೂವತ್ತೊಂಬತ್ತು ದಾಟಿದ ಗಂಡಸು ಅಮ್ಮನ ಮನೆಯ ನೆಲಮಾಳಿಗೆಯಲ್ಲಿ ಇನ್ನೊಂದು ಏಳು ವರ್ಷ ಕೂರಲಾರ, ಇದೂ ಗೊತ್ತಿತ್ತು.

ಆಟವೇನೂ ದೊಡ್ಡದಲ್ಲ. ರಬ್ಬರ್ ಬೂಟು ತೊಟ್ಟ ಅಜ್ಜಿಯೊಬ್ಬಳು ಜಾರುಬಂಡಿ ಎಳೆದುಕೊಂಡು, ಹೆಪ್ಪುಗಟ್ಟಿದ ಕೆರೆಯನ್ನು ದಾಟಿ, ಆಚೆ ದಡದ ತನ್ನ ಮೀನು ಹಿಡಿಯುವ ಗುಡಿಸಲು ಸೇರಬೇಕು. ಚಳಿಗಾಲ ಮುಗಿಯುತ್ತಿದೆ. ಕಾಲ ಕೆಳಗಿನ ಗಡ್ಡೆ ಬಿರಿಯುತ್ತಿದೆ. ಅಷ್ಟೇ ಆಟ. ಆದರೆ ಆ ಅಜ್ಜಿ ನಡೆಯುವುದನ್ನು ನೋಡಿದವರು ಸುಮ್ಮನಾಗಿಬಿಡುತ್ತಿದ್ದರು. ಸ್ವಲ್ಪ ಮುಂದಕ್ಕೆ ಬಾಗಿ, ಹಿಂದಿನ ಹಿಮ್ಮಡಿಯನ್ನು ಊರಿ, ಹಗ್ಗವನ್ನು ಭುಜದ ಮೇಲೆ ಸರಿಮಾಡಿಕೊಂಡು, ಯಾರದೋ ಹಂಗಿಗೆ ಬೀಳದವಳಂತೆ ನಡೆಯುತ್ತಿದ್ದಳು.

ಈಗ ಆ ಅಜ್ಜಿ ಇಲ್ಲ. ಬೆಳಗ್ಗೆ ಆರ್ವಿಯೇ ತೆಗೆದುಹಾಕಿದ್ದ. ಅವಳನ್ನು ಬರೆದ ಓಡೆಟ್ ಹಾಗೆ ಹೇಳಿದ್ದಳು.

ಓಡೆಟ್ ಅವನ ಶಾಲೆಯ ದಿನಗಳ ಗೆಳತಿ, ಈ ಆಟದ ಚಿತ್ರಗಾರ್ತಿ. ಆಟದಲ್ಲಿ ಓಡಾಡುವ ಪುಟ್ಟ ಚಿತ್ರಗಳಿಗೆ ಸ್ಪ್ರೈಟ್ ಎನ್ನುತ್ತಾರೆ. ಒಂದು ಹೆಜ್ಜೆಗೆ ಒಂದು ಚಿತ್ರದಂತೆ ಬರೆದು ಸಾಲಾಗಿ ಓಡಿಸಿದರೆ ಅಜ್ಜಿ ನಡೆಯುತ್ತಾಳೆ. ಆಟ ಕಟ್ಟುವ ತಂತ್ರಾಂಶದಲ್ಲಿ ಒಂದು ಬದಿಗೆ ಓಡೆಟ್‌ಳ ಚಿತ್ರಗಳು, ಇನ್ನೊಂದು ಬದಿಗೆ ಆರ್ವಿಯ ಕೋಡ್. ಕೋಡಿಗೆ ಕಣ್ಣಿಲ್ಲ. ಅದು ಚಿತ್ರವನ್ನು ಹೆಸರು ಹಿಡಿದು ಕರೆಯುತ್ತದೆ, ಓಗೊಟ್ಟು ಬಂದದ್ದನ್ನು ಪರದೆಗೆ ಕಳಿಸುತ್ತದೆ. ಹೆಸರಿಡುವವಳು ಓಡೆಟ್. ಎಲ್ಲರೂ ಇಡುವಂತೆ 'ಶತ್ರು ಒಂದು, ಶತ್ರು ಎರಡು' ಎಂದು ಅವಳು ಯಾವತ್ತೂ ಇಟ್ಟವಳಲ್ಲ. ಮೇಲಿಂದ ಎರಗುವ ಕಾಗೆಗೆ 'ಪಾದ್ರಿ'. ದಾರಿಗೆ ಅಡ್ಡ ಬರುವ ಕರಡಿಗೆ 'ಹಿಲ್ಕಾ', ಅಂದರೆ ಆರ್ವಿಯ ತಾಯಿಯ ಹೆಸರು. ಹಿಮ ಮೆತ್ತಿದ ಬೂಟಿನಲ್ಲಿ ಒಳಗೆ ಬಂದವರ ಮೇಲೆ ಆಕೆ ಗುರ್ರೆನ್ನುತ್ತಾಳೆಂದು. ಅಜ್ಜಿಗೆ ಮಾತ್ರ ತಮಾಷೆಯ ಹೆಸರಿರಲಿಲ್ಲ. ತನ್ನ ಸ್ವಂತ ಅಜ್ಜಿಯನ್ನು ಓಡೆಟ್ ಕರೆಯುತ್ತಿದ್ದದ್ದು ಮೆಮೇರ್ ಎಂದು. ಚಿತ್ರಕ್ಕೂ ಅದೇ: 'ಮೆಮೇರ್ ನಡಿಗೆ', 'ಮೆಮೇರ್ ಸುಸ್ತು', 'ಮೆಮೇರ್ ಬಿದ್ದಳು'.

ಹೀಗಾಗಿ ಆರ್ವಿಯ ಕೋಡ್ ತುಂಬ ಅವಳೇ. ಪಾದ್ರಿ ಹತ್ತಿರ ಬಂದರೆ ಮೆಮೇರ್ ಬೀಳಬೇಕು. ಹಿಲ್ಕಾ ನಿದ್ದೆಯಲ್ಲಿದ್ದರೆ ಮೆಮೇರ್ ಮೆಲ್ಲಗೆ ದಾಟಬೇಕು. ಯಾವ ಪುಟ ತೆರೆದರೂ ಮೆಮೇರ್, ಮೆಮೇರ್, ಮೆಮೇರ್. ಇಷ್ಟೆಲ್ಲ ಸಲ ಆ ಹೆಸರನ್ನು ಬರೆದ ಕೈ ಅವನದು. ಆದರೂ ಹೇಳಬೇಕಾದ ಒಂದು ದಿನ ಅವನ ಬಾಯಿಂದ ಅದು ಬರಲಿಲ್ಲ.

ಅದು ನಡೆದದ್ದು ಹೋದ ವಾರ ಟೊರೊಂಟೊದಲ್ಲಿ, ಹೊಸ ಆಟಗಳ ಮೇಳದಲ್ಲಿ. ವೇದಿಕೆಯ ಮೇಲೆ ಆರ್ವಿ, ಕೈಯಲ್ಲಿ ಮೈಕು. ಮುಂದಿನ ಸಾಲಿನಲ್ಲಿ ಓಡೆಟ್, ಅದಕ್ಕೆಂದೇ ಹೆಣೆಸಿಕೊಂಡ ಹಸಿರು ಸ್ವೆಟರ್ ತೊಟ್ಟು. ಜನರೆದುರು ನಿಲ್ಲುವುದೆಂದರೆ ಆರ್ವಿಗೆ ಮೊದಲಿನಿಂದಲೂ ಪ್ರಾಣಸಂಕಟ. ನಾಲಗೆ ಒಣಗಿತ್ತು. ಸಭೆಯಿಂದ ಯಾರೋ ಕೇಳಿದರು, ಈ ಅಜ್ಜಿ ಎಲ್ಲಿಂದ ಬಂದಳು ಎಂದು. ಆರ್ವಿಯೆಂಬ ಪುಣ್ಯಾತ್ಮ ಓಡೆಟ್ ಕಡೆ ಒಂದು ಬೆರಳು ಚಾಚಿ ತೋರಿಸಿದ್ದರೆ ಸಾಕಿತ್ತು. "ಒಂದಿನ ಹೀಗೇ ಕೂತಿದ್ದೆ," ಎಂದುಬಿಟ್ಟ, "ಇವಳು ನನ್ನ ತಲೆಯೊಳಗೆ ನಡ್ಕೊಂಡು ಬಂದ್ಲು." ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಬೆಚ್ಚಗಿತ್ತು. ಅದು ನಿಂತ ಮೇಲೆ ಸರಿಪಡಿಸೋಣವೆಂದುಕೊಂಡ, ಅಷ್ಟರಲ್ಲಿ ಮುಂದಿನ ಪ್ರಶ್ನೆ ಬಂತು.

ವಾಪಸು ಬರುವಾಗ ಫ್ರೆಂಚ್ ನದಿಯ ಬಳಿ ಕಾಫಿಗೆ ನಿಲ್ಲಿಸಿದಾಗ, ಲೋಟವನ್ನು ಕಾರಿನ ಮೇಲಿಟ್ಟು, ಓಡೆಟ್ ನದಿಯ ಕಡೆ ನೋಡುತ್ತ ಹೇಳಿದಳು: "ನಾನು ಬರೆದದ್ದೆಲ್ಲ ತೆಗೆದುಬಿಡು ಆರ್ವಿ. ಒಂದು ಗೆರೆನೂ ಇರಬಾರದು."

"ತಮಾಷೆ ಮಾಡ್ತಿದೀಯಾ?"

"ನನ್ನ ಮುಖ ನೋಡಿದ್ರೆ ತಮಾಷೆ ಥರ ಕಾಣ್ತಿದ್ಯಾ?"

ಆಗಲೇ ಕಾಲು ಹಿಡಿದುಕೊಂಡಿದ್ದರೆ ಏನಾಗುತ್ತಿತ್ತೋ. ಆರ್ವಿಗೂ ರೇಗಿತ್ತು. ಬರೆದವಳು ಅವಳಾದರೆ ನಡೆಸಿದವನು ಯಾರು, ಅವಳ ಅಜ್ಜಿ ಗಾಳಿಯಲ್ಲಿ ನಡೆಯುತ್ತಿದ್ದಳೇ ಎಂದು ಒಳಗೊಳಗೇ ಕುದಿದ. "ಸರಿ," ಎಂದ. ಆ ಒಂದು 'ಸರಿ' ಅವನನ್ನು ಇವತ್ತಿನ ಈ ಕುರ್ಚಿಗೆ ತಂದು ಕೂರಿಸಿತ್ತು.

ಮೊದಲು ಅವನು ಅಜ್ಜಿಯನ್ನು ತೆಗೆದು ಖಾಲಿ ಚಿತ್ರವೊಂದನ್ನಿಟ್ಟು ನೋಡಿದ. ಚಿತ್ರದ ಗೆರೆಯೇ ಆಟದಲ್ಲಿ ಮೈ. ಗೆರೆಯಿಲ್ಲದ್ದಕ್ಕೆ ನೆಲ ಸಿಗುವುದಿಲ್ಲ. ಆಟ ಶುರುವಾದದ್ದೇ, ಏನೂ ಇಲ್ಲದ ಆ ಏನೋ ಒಂದು ಬೀಳತೊಡಗಿತು. ಆಮೇಲೆ ಅಂತರ್ಜಾಲದಲ್ಲಿ ಯಾರು ಬೇಕಾದರೂ ಬಳಸಬಹುದೆಂದು ಬಿಟ್ಟಿದ್ದ ಒಬ್ಬ ಮುದುಕನನ್ನು ಹಿಡಿದು ತಂದ. ಬೋಳುತಲೆ, ಕೆಂಪು ಮೂಗು, ಕೈಯಲ್ಲಿ ದೊಣ್ಣೆ. ಅವನು ಸೊಂಟದವರೆಗೆ ಹೂತ. ಮೇಲೆತ್ತಿದರೆ ಜಾರುಬಂಡಿಯ ಹಗ್ಗ ಅವನ ಹೊಟ್ಟೆಯನ್ನು ಹಾದುಹೋಯಿತು. ಹಗ್ಗವನ್ನು ಹಿಂದಕ್ಕೆ ಸರಿಸಿದರೆ ಗಡ್ಡೆ ಬಿರಿಯುವುದನ್ನೇ ಮರೆಯಿತು. ಅದನ್ನು ಸರಿಮಾಡಿದರೆ ಗುಡಿಸಲ ಬಾಗಿಲಲ್ಲಿ ತಲೆ ಸಿಕ್ಕಿಕೊಂಡು ಒಳಗೂ ಹೋಗಲಾರ, ಹೊರಗೂ ಬರಲಾರ. ಏಳು ವರ್ಷದಲ್ಲಿ ಆರ್ವಿ ಹಾಕಿದ ಅಳತೆಯೆಲ್ಲ ಅಜ್ಜಿಯ ಅಗಲ, ಅಜ್ಜಿಯ ಎತ್ತರ, ಅಜ್ಜಿಯ ಹಿಮ್ಮಡಿಯಿಂದ ಹಾಕಿದ್ದು. ಒಂದು ಕಡೆ ಹೊಲಿಗೆ ಹಾಕಿದರೆ ಇನ್ನೊಂದು ಕಡೆ ಹರಿಯುತ್ತಿತ್ತು. ಅವನ ಕಣ್ಣು ಉರಿಯುತ್ತಿದ್ದವು, ಬೆನ್ನು ಹಿಡಿದುಕೊಂಡಿತ್ತು.

ಮೇಲಿನ ಅಡುಗೆಮನೆಯಲ್ಲಿ ಹಿಟ್ಟು ಬಡಿಯುವ ಸದ್ದು ನಿಂತು, ಮೆಟ್ಟಿಲು ಕಿರುಗುಟ್ಟಿತು. ಹಿಲ್ಕಾ ಕಾಫಿ ಹಿಡಿದುಕೊಂಡು ಇಳಿದು ಬಂದರು. ಮುಂಗೈಗೆಲ್ಲ ಹಿಟ್ಟು, ಜೊತೆಗೆ ಏಲಕ್ಕಿಯ ವಾಸನೆ. ಪುಲ್ಲಾ ಬ್ರೆಡ್ ಮಾಡುತ್ತಿದ್ದರು.

"ಊಟಕ್ಕೆ ಬಾರೋ ಅಂತ ಎಷ್ಟು ಸಲ ಗಂಟಲು ಹರ್ಕೊಳ್ಲಿ? ಸೂಪು ಆರಿ ನೀರಾಯ್ತು." ಪರದೆಯ ಕಡೆ ಕಣ್ಣು ಹೋಯಿತು. "ಯಾರೋ ಈ ಮೂತಿ? ನಮ್ಮಜ್ಜಿ ಎಲ್ಲಿ?"

"ತೆಗೆದೆ."

"ಕರಡಿ?"

"ಅದನ್ನೂ ತೆಗೆದೆ ಅಮ್ಮಾ. ಎಲ್ಲಾ ತೆಗೆದೆ."

"ನನ್ನ ಕರಡಿ ನಿಂಗೇನೋ ಮಾಡಿತ್ತು?" ಹಿಲ್ಕಾ ಕಾಫಿಯನ್ನು ಕುಕ್ಕಿದರು. "ಒಂದು ಫೋನ್ ಮಾಡಿ, ತಪ್ಪಾಯ್ತು ಕಣಮ್ಮ ಅಂದ್ರೆ ನಿನ್ನ ಗಂಟೇನು ಹೋಗತ್ತೆ?"

"ಮಾಡಿದೆ. ಎತ್ತಲ್ಲ ಅವ್ಳು."

"ನನ್ನ ಫೋನಾದ್ರೆ ಎತ್ತುತಾಳೆ. ಬೆಳಗ್ಗೆ ತಾನೇ ಮಾತಾಡಿದ್ಲು."

ಆರ್ವಿ ತಲೆ ತಗ್ಗಿಸಿದ. ಅವನು ಫೋನ್ ಮಾಡಿರಲಿಲ್ಲ. ತಾಯಿಗೆ ಅದು ತಿಳಿದಿತ್ತು, ತಾಯಿಗೆ ತಿಳಿದಿದೆ ಎಂದು ಅವನಿಗೂ ತಿಳಿಯಿತು.

"ಮಧ್ಯಾಹ್ನ ಬರ್ತಾಳಂತೆ, ಅವಳ ಸಾಮಾನು ತಗೊಂಡು ಹೋಗೋಕೆ," ಎಂದರು ಹಿಲ್ಕಾ. "ನನ್ನ ಹತ್ರ ಅಳಲಿಲ್ಲ, ಅದೇ ನಂಗೆ ಭಯ. ಏನಾದ್ರೂ ಹೇಳೋದಿದ್ರೆ ಬಾಯಲ್ಲಿ ಹೇಳು ಆರ್ವಿ. ನಿಮ್ಮಪ್ಪನ ಥರ ಗೋಡೆ ನೋಡ್ಕೊಂಡು ಕೂರಬೇಡ."

ತಾಯಿ ಮೇಲೆ ಹೋದ ಮೇಲೆ ಆರ್ವಿ ತಲೆ ಮೇಲೆ ಕೈ ಹೊತ್ತು ಕೂತ. ಓಡೆಟ್‌ಳ ಸಾಮಾನು ಕೋಣೆಯ ತುಂಬ ಹರಡಿತ್ತು: ಚಿತ್ರ ಬರೆಯುವ ಹಲಗೆ, ಕಪ್ಪು ಮಗ್ಗು, ಕಂಬಳಿಯ ಚಪ್ಪಲಿ. ಮೇಜಿನ ಪಕ್ಕದ ಮೊಳೆಗೆ ಅವಳ ಹೆಡ್‌ಫೋನು ನೇತುಬಿದ್ದಿತ್ತು. ಅದರ ವೈರು ಕಂಪ್ಯೂಟರಿಗೆ ಸಿಕ್ಕಿಸಿದ್ದು ಸಿಕ್ಕಿಸಿದಂತೆಯೇ ಇತ್ತು. ಆಟದ ಸದ್ದೆಲ್ಲ ಬೆಳಗಿನಿಂದ ಯಾರ ಕಿವಿಗೂ ಬೀಳದೆ ಆ ಹೆಡ್‌ಫೋನಿನೊಳಗೇ ಮುಗಿದುಹೋಗುತ್ತಿತ್ತು. ಬೀಳುವ ಮುದುಕನ ಸದ್ದನ್ನು ಕೇಳಿ ಆಗಬೇಕಾದ್ದಾದರೂ ಏನಿತ್ತು.

ಆ ಅಜ್ಜಿಯನ್ನು ಅವನೂ ಬಲ್ಲ. ಓಡೆಟ್‌ಳ ಮನೆಯಲ್ಲಿ ಆಕೆಯ ಕೈಯಡುಗೆ ಉಂಡಿದ್ದಾನೆ. ಬದುಕಿದ್ದ ಕೊನೆಯ ಚಳಿಗಾಲದಲ್ಲಿ ಆಕೆ ರ್‍ಯಾಮ್ಸಿ ಕೆರೆಯ ಮೇಲೆ ಜಾರುಬಂಡಿ ಎಳೆದುಕೊಂಡು ಹೋಗುವಾಗ, ಗಾಳಿಯ ಸದ್ದು ಹೊಗದಿರಲೆಂದು ಮೈಕಿಗೆ ಉಣ್ಣೆಯ ಕಾಲ್ಚೀಲ ತೊಡಿಸಿ, ಆಟಕ್ಕೆ ಹೆಜ್ಜೆಯ ಸದ್ದು ತುಂಬಿಕೊಳ್ಳಲು ಅದನ್ನು ಆಕೆಯ ಬೂಟಿನ ಹತ್ತಿರ ಹಿಡಿದು, ಬಗ್ಗಿಕೊಂಡೇ ಹಿಂದೆ ಹಿಂದೆ ನಡೆದಿದ್ದ. "ಏನೇ ಓಡೆಟ್, ಇವ್ನು ನನ್ನ ಬೂಟಿನ ವಾಸನೆ ನೋಡ್ತಿದಾನಾ?" ಎಂದಿದ್ದಳು ಮುದುಕಿ ಹಿಂತಿರುಗಿ ನೋಡದೆ. ನಗುತ್ತ ನಗುತ್ತ ಓಡೆಟ್ ಹಿಮದ ಮೇಲೆ ಕೂತೇಬಿಟ್ಟಿದ್ದಳು. ಇಷ್ಟೆಲ್ಲ ನೆನಪಿದ್ದೂ ತಲೆಯೊಳಗೆ ನಡೆದುಬಂದಳು ಎಂದು ಹೇಗೆ ಹೇಳಿದನೋ, ನಾಚಿಕೆಗೆಟ್ಟವನು.

ಗಡಿಯಾರ ನೋಡಿದ. ಓಡೆಟ್ ಬರುವ ಹೊತ್ತಾಗುತ್ತಿತ್ತು. ಅದೇ ಹೊತ್ತಿಗೆ ಆ ಉಪಾಯವೂ ಹೊಳೆಯಿತು.

ಚಿತ್ರವನ್ನು ಆಟದಿಂದ ತೆಗೆಯಲೇಬೇಕೆಂದೇನೂ ಇಲ್ಲ. ಕಾಣದಂತೆ ಮಾಡಿದರೆ ಸಾಕು. ಮೆಮೇರ್ ಒಳಗೆ ಇರಲಿ. ಕೋಡ್ ಅವಳನ್ನೇ ಕರೆಯಲಿ. ನೆಲಕ್ಕೆ ತಾಗುವ ಮೈ, ಹಗ್ಗ ಹಿಡಿದ ಭುಜ, ಊರುವ ಹಿಮ್ಮಡಿ ಅವಳದೇ ಇರಲಿ. ಪರದೆಯ ಮೇಲೆ ಮಾತ್ರ ಅವಳ ಬದಲು ಮುದುಕನನ್ನು ತೋರಿಸಿದರಾಯಿತು. ಆಟ ಆಡುವವರಿಗೆ ಏನು ಗೊತ್ತಾಗುತ್ತದೆ? ಓಡೆಟ್‌ಳಿಗೆ ತಾನೆ ಹೇಗೆ ಗೊತ್ತಾಗಬೇಕು? ಯೋಚಿಸುತ್ತ ಕೂತರೆ ಕೈ ಹಿಂದೆಗೆಯುತ್ತದೆಂಬ ಭಯಕ್ಕೆ ಅವನು ಬೇಗ ಬೇಗ ಬೆರಳಾಡಿಸಿದ. ಬೆಳಗ್ಗೆ ಹೊರಗೆ ಹಾಕಿದ್ದ ಅಜ್ಜಿಯನ್ನು ಮತ್ತೆ ಒಳಗೆ ಕರೆದ. ಅವಳ ಮೇಲೆ ಮುದುಕನನ್ನು ಹೊದಿಸಿದ. ಆಟ ಶುರು ಮಾಡಿದ.

ಮುದುಕ ನಿಂತ. ನಡೆದ. ಜಾರುಬಂಡಿ ಅವನ ಹಿಂದೆ ವಿಧೇಯವಾಗಿ ಹೊರಟಿತು. ಗಡ್ಡೆ ಬಿರಿಯಬೇಕಾದಲ್ಲಿ ಬಿರಿಯಿತು, ಹಗ್ಗ ಬಿಗಿಯಬೇಕಾದಲ್ಲಿ ಬಿಗಿಯಿತು. ಆರ್ವಿಗೆ ಅಳು ಬಂದುಬಿಟ್ಟಿತು. ಕಣ್ಣೊರೆಸಿಕೊಂಡು ಇನ್ನೊಂದು ಸಲ ನಡೆಸಿ ನೋಡಿದ. ಕೆಂಪು ಮೂಗಿನ ಆ ಬೋಳುತಲೆಯವನು ದೊಣ್ಣೆಯೂರಿಕೊಂಡು ಹೋಗುತ್ತಿದ್ದ. ಆದರೆ ಏರಿನಲ್ಲಿ ತಡೆಯುವ ರೀತಿ, ಭಾರ ಜಗ್ಗಿದಾಗ ಒಂದು ಚೂರು ಹಿಂದೆ ಸರಿದು ಮತ್ತೆ ಮುಂದಾಗುವ ರೀತಿ ಯಾವುದೂ ಅವನದಾಗಿರಲಿಲ್ಲ. ಸತ್ತವಳೊಬ್ಬಳ ಹೆಗಲ ಮೇಲೆ ಯಾರೋ ಅಪರಿಚಿತ ಕೂತು ಸವಾರಿ ಮಾಡಿದಂತಿತ್ತು. ಬಂದ ಸಮಾಧಾನ ಕಾಫಿ ಆರುವಷ್ಟರಲ್ಲಿ ಆರಿತು.

ಮೇಲೆ ಬಾಗಿಲ ಸದ್ದಾಯಿತು. ಬೂಟು ಬಿಡಿಸುವ ಸದ್ದು. ಅಮ್ಮನ ದನಿ: "ಬಾಮ್ಮ, ಬಾ. ಪುಲ್ಲಾ ಈಗ ತಾನೇ ಒಲೆಯಿಂದ ತೆಗೆದೆ, ಒಂದು ಚೂರು ತಿಂದ್ಕೊಂಡು ಇಳಿ."

"ಆಮೇಲೆ ತಿಂತೀನಿ ಹಿಲ್ಕಾ ಆಂಟಿ. ಮೊದ್ಲು ಕೆಲಸ ಮುಗಿಸ್ತೀನಿ."

ಓಡೆಟ್ ಒಂದು ಖಾಲಿ ರಟ್ಟಿನ ಡಬ್ಬಿ ಹಿಡಿದು ಇಳಿದುಬಂದಳು. ಕೆನ್ನೆ ಚಳಿಗೆ ಕೆಂಪಾಗಿತ್ತು. ಅವನ ಕಡೆ ನೋಡಲಿಲ್ಲ. ಡಬ್ಬಿಗೆ ಮಗ್ಗು ಹಾಕಿದಳು, ಚಪ್ಪಲಿ ಹಾಕಿದಳು, ಚಿತ್ರದ ಹಲಗೆಯನ್ನು ಟವಲಿನಲ್ಲಿ ಸುತ್ತಿದಳು. ಆರ್ವಿ ಎದ್ದು ನಿಂತ, ಕೂತ, ಮತ್ತೆ ಎದ್ದ.

"ಎಲ್ಲಾ ತೆಗೆದಾಯ್ತಾ?" ಎಂದಳು ಬೆನ್ನು ಮಾಡಿಕೊಂಡೇ.

"ತೆಗೆದೆ." ನಾಲಗೆ ಒಣಗಿತು. ವೇದಿಕೆಯ ಮೇಲೆ ಒಣಗಿದಂತೆಯೇ.

"ಬೇರೆ ಚಿತ್ರ ಹಾಕಿದ್ಯಾ?"

"ಹ್ಞೂಂ. ಏನೋ ಸುಮಾರಾಗಿದೆ."

"ತೋರ್ಸು."

ಆರ್ವಿ ಬಾಣದ ಕೀ ಒತ್ತಿದ. ಮುದುಕ ಹೊರಟ. ಓಡೆಟ್ ಡಬ್ಬಿಯನ್ನು ಸೊಂಟಕ್ಕೆ ಆನಿಸಿಕೊಂಡು ನೋಡಿದಳು. ಅವನು ಏರಿನ ಬಳಿ ಬಂದ, ಭಾರ ಜಗ್ಗಿತು, ಚೂರು ಹಿಂದೆ ಸರಿದು ಮತ್ತೆ ಮುಂದಾದ. ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ. ಡಬ್ಬಿಯನ್ನು ನೆಲದ ಮೇಲಿಟ್ಟಳು. ಆರ್ವಿಯ ತೋಳಿನ ಮೇಲಿಂದ ಕೈ ಚಾಚಿ, ಕೀಲಿಮಣೆಯ ಎಡಮೂಲೆಯ ಒಂದು ಕೀ ಒತ್ತಿದಳು.

ಆ ಕೀ ಆರ್ವಿಯೇ ಅವಳಿಗೆಂದು ಎಂದೋ ಮಾಡಿಕೊಟ್ಟದ್ದು. ಒತ್ತಿದರೆ ಆಟದಲ್ಲಿರುವ ಪ್ರತಿಯೊಂದರ ನಿಜವಾದ ಮೈ ಎಲ್ಲಿಂದ ಎಲ್ಲಿಯವರೆಗೆ ಎಂದು ಕೆಂಪು ಗೆರೆಯಲ್ಲಿ ತೋರಿಸುತ್ತದೆ. ಗಾಬರಿಯಲ್ಲಿ ಅದನ್ನು ಮರೆತೇಬಿಟ್ಟಿದ್ದ.

ಬೋಳುತಲೆಯ ಮುದುಕನ ಒಳಗಿನಿಂದ ಮೆಮೇರ್ ಎದ್ದು ಕಂಡಳು. ತಲೆಗೆ ಕಟ್ಟಿದ ವಸ್ತ್ರ, ಬಾಗಿದ ಬೆನ್ನು, ಬೂಟಿನ ಅಗಲ ಬಾಯಿ, ಭುಜದ ಮೇಲೆ ಹಗ್ಗ ಹಿಡಿದ ಮುಷ್ಟಿ, ಎಲ್ಲ ಒಂದೇ ತೆಳುವಾದ ಕೆಂಪು ಗೆರೆಯಲ್ಲಿ.

ಓಡೆಟ್ ಕೀಯಿಂದ ಕೈ ತೆಗೆದಳು.

"ಅವಳನ್ನ ಗೋಣಿಚೀಲದಲ್ಲಿ ಹಾಕಿ ಎಳೀತಿದೀಯಲ್ಲೋ," ಎಂದಳು ಓಡೆಟ್. ದನಿ ಏರಿರಲಿಲ್ಲ. "ಬೇಡ ಅಂದೆ. ಅಷ್ಟೂ ಕೇಳೋಕಾಗ್ಲಿಲ್ವಾ ನಿನ್ನ ಕೈಲಿ?"

"ಬೀಳ್ತಿದ್ದ ಓಡೆಟ್. ಬೆಳಗಿನಿಂದ ಏನ್ ಮಾಡಿದ್ರೂ ಬೀಳ್ತಿದ್ದ. ನಾಳೆ ಬಿಟ್ರೆ ನಂಗೆ ಇನ್ನೊಂದು ದಿನ ಇಲ್ಲ ಕಣೇ. ಏಳು ವರ್ಷ..." ಅವನು ಪರದೆಗೆ ಬೆನ್ನು ಮಾಡಿ ಅವಳ ಕಡೆ ತಿರುಗಿದ. "ತಪ್ಪಾಯ್ತು. ಕಾಲಿಗೆ ಬೇಕಾದ್ರೂ ಬೀಳ್ತೀನಿ. ಅವತ್ತು ಬಾಯಿ ತಪ್ಪಿ ಬಂದುಬಿಡ್ತು."

"ಬಾಯಿ ತಪ್ಪಿ ಬಂದದ್ದು ಮೊದಲನೇ ಮಾತು. ಆಮೇಲೆ ಚಪ್ಪಾಳೆ ಹೊಡೆದ್ರಲ್ಲ, ಆಗ ಸುಮ್ನೆ ನಿಂತಿದ್ದೆಯಲ್ಲ, ಅದು?" ಅವಳ ಕಣ್ಣು ತುಂಬಿದವು, ಅದಕ್ಕೆ ಅವಳಿಗೆ ಮತ್ತಷ್ಟು ಸಿಟ್ಟು ಬಂತು. "ಆಕೆಗೊಂದು ಹೆಸರಿತ್ತು ಆರ್ವಿ. ಆರ್ಮಾಂಡ್. ನಿನ್ನನ್ನ ಕೂರಿಸಿ ಊಟ ಹಾಕಿದಾಳೆ. ನಾನು ಮುಂದುಗಡೆನೇ ಕೂತಿದ್ದೆ. ಸ್ವೆಟರ್ ಹಾಕ್ಕೊಂಡು, ಹಲ್ಲು ಕಿರ್ಕೊಂಡು, ಈಗ ಹೇಳ್ತಾನೆ ಈಗ ಹೇಳ್ತಾನೆ ಅಂತ. ಥೂ."

"ನಾಳೆ ಹೇಳ್ತೀನಿ. ಎಲ್ಲಾ ಕಡೆ ಬರೀತೀನಿ. ನಿನ್ನ ಹೆಸರು ನನ್ನದಕ್ಕಿಂತ ಮೇಲೆ ಹಾಕ್ತೀನಿ."

"ಈಗ ಹಾಕ್ತೀಯಾ, ಬೀಳ್ತಿದಾನೆ ಅಂತ." ಅವಳು ಮೂಗು ಒರೆಸಿಕೊಂಡಳು. "ಏಳು. ಕುರ್ಚಿ ಬಿಡು."

ಆರ್ವಿ ಎದ್ದ. ಅವಳು ಕೂತಳು. ಮೊದಲು ಮುದುಕನನ್ನು ತೆಗೆದಳು. ಆಮೇಲೆ ಹೊಸ ಚಿತ್ರವೊಂದನ್ನು ತೆರೆದು, ಅದರಲ್ಲಿ ಒಂದು ಬೂದುಬಣ್ಣದ ಪೆಟ್ಟಿಗೆ ಬರೆದಳು. ಬರೆದಳು ಎನ್ನುವುದಕ್ಕೇನಿದೆ, ನಾಲ್ಕು ಮೂಲೆ, ಒಂದು ಬಣ್ಣ. ಆರ್ವಿಗೆ ಅದರ ಗುರುತು ಹತ್ತಿತು. ಏಳು ವರ್ಷದ ಹಿಂದೆ ಅವನು ಓಡೆಟ್‌ಳನ್ನು ಇದೇ ಕೋಣೆಗೆ ಕರೆತಂದು, ನೋಡು ನನ್ನ ಆಟ ಎಂದು ತೋರಿಸಿದಾಗ ಬಿಳಿ ಗೆರೆಯ ಮೇಲೆ ಜಾರುತ್ತಿದ್ದದ್ದು ಇಂಥದೇ ಒಂದು ಪೆಟ್ಟಿಗೆ. ಇದಕ್ಕೊಂದು ಮುಖ ಕೊಡೇ ಎಂದು ಅವತ್ತು ಗೋಗರೆದವನು ಅವನೇ.

"ಇಷ್ಟು ನಿಂದು," ಎಂದಳು ಓಡೆಟ್. "ನಾನು ಬಂದಾಗ ಇದ್ದದ್ದು ಇದು. ಇದನ್ನ ಯಾರೂ ಕಿತ್ಕೊಳಲ್ಲ."

ಪೆಟ್ಟಿಗೆಯನ್ನು ಆಟಕ್ಕೆ ಇಳಿಸಿದಾಗ ಅದು ಮಂಜಿನಲ್ಲಿ ಅರ್ಧ ಹೂತುಕೊಂಡಿತು. ಓಡೆಟ್ ಎದ್ದುಬಿಡಬಹುದಿತ್ತು. ಎದ್ದಳೂ ಕೂಡ. ಆದರೆ ಅದು ಹಾಗೆ ಸೊಟ್ಟಗೆ ಹೂತುಕೊಂಡಿರುವುದನ್ನು ನೋಡಲಾರದೆ, ಹಲ್ಲು ಕಚ್ಚಿಕೊಂಡು ಮತ್ತೆ ಕೂತು, ಪೆಟ್ಟಿಗೆಯ ಅಳತೆಯನ್ನು ಅಜ್ಜಿಯ ಅಳತೆಗೆ ಹೊಂದಿಸಿ, ನೆಲಕ್ಕೆ ಊರುವ ಬಿಂದುವನ್ನು ಹಿಂದಿನ ಮೂಲೆಗೆ ಎಳೆದು ಕೂರಿಸಿದಳು. ಪೆಟ್ಟಿಗೆ ಮಂಜಿನ ಮೇಲೆ ನಿಂತಿತು. ಹೆಸರು ಕೇಳಿತು ತಂತ್ರಾಂಶ. ಓಡೆಟ್ 'ಆರ್ವಿ' ಎಂದು ಬರೆದಳು.

ಇನ್ನು ಉಳಿದದ್ದು ಮೆಮೇರ್. ಅವಳ ಮೇಲೆ ಬೆರಳಿಟ್ಟು ಅಳಿಸು ಎಂದಾಗ ತಂತ್ರಾಂಶ ತಡೆಯಿತು. ಈ ಚಿತ್ರವನ್ನು ಕೋಡಿನಲ್ಲಿ ಇಷ್ಟು ಕಡೆ ಕರೆಯಲಾಗಿದೆ ಎಂದು ಸಾಲುಗಳನ್ನೆಲ್ಲ ಒಂದರ ಕೆಳಗೊಂದು ತೋರಿಸಿ, ಅಲ್ಲೆಲ್ಲ ಇನ್ನು ಯಾರನ್ನು ಕರೆಯಲಿ ಎಂದು ಕೇಳಿತು. ಸಾಲುಗಳು ಮುಗಿಯದೆ ಪರದೆಯ ತಳದಿಂದಾಚೆಗೂ ಹೋಗಿದ್ದವು. ಮೆಮೇರ್, ಮೆಮೇರ್, ಮೆಮೇರ್. ಓಡೆಟ್ ಅದನ್ನು ನೋಡುತ್ತ ಕೂತಳು.

"ಇಷ್ಟೊಂದ್ಸಲ ಕರೆದಿದೀಯ," ಎಂದಳು ಕೊನೆಗೆ. ಎದ್ದು ಕುರ್ಚಿಯನ್ನು ಅವನ ಕಡೆ ತಳ್ಳಿದಳು. "ನೀನೇ ಒತ್ತು. ನಂಗಾಗಲ್ಲ."

ಆರ್ವಿ ಕೂತ. ಬೇಡ ಎಂದು ಅವಳು ಒಂದು ಮಾತು ಅನ್ನಲಿ ಎಂದು ಕಾದ. ಅವಳು ಡಬ್ಬಿಗೆ ಬಗ್ಗಿ ಏನನ್ನೋ ಸರಿಮಾಡುತ್ತಿದ್ದಳು. ಅವನು ಒತ್ತಿದ. ಪಟ್ಟಿಯ ಸಾಲುಗಳು ಮಿನುಗಿದವು, ಎಲ್ಲ ಹೆಸರೂ ಬದಲಾದವು. ಪಾದ್ರಿ ಹತ್ತಿರ ಬಂದರೆ ಆರ್ವಿ ಬೀಳಬೇಕು. ಹಿಲ್ಕಾ ನಿದ್ದೆಯಲ್ಲಿದ್ದರೆ ಆರ್ವಿ ಮೆಲ್ಲಗೆ ದಾಟಬೇಕು.

"ನಾಳೆ ಇದನ್ನೇ ಬಿಡ್ಲಾ?" ಎಂದ. ಅವನ ದನಿ ಅವನಿಗೇ ಕೇಳಲಿಲ್ಲ.

"ಬಿಡು. ಎಲ್ಲಿಂದ ಬಂತು ಅಂತ ಯಾರಾದ್ರೂ ಕೇಳಿದ್ರೆ, ನನ್ನ ತಲೆಯಿಂದ ಅನ್ನು. ಸುಳ್ಳಾಗಲ್ಲ."

ಡಬ್ಬಿ ಎತ್ತಿಕೊಂಡು ಸುತ್ತ ಒಮ್ಮೆ ಕಣ್ಣಾಡಿಸಿದಳು. ಮೊಳೆಯ ಮೇಲಿದ್ದ ಹೆಡ್‌ಫೋನು ಕಂಡಿತು. ಅದನ್ನು ತೆಗೆದು, ವೈರನ್ನು ಕಂಪ್ಯೂಟರಿನಿಂದ ಕಿತ್ತು, ಸುತ್ತುತ್ತ ಮೆಟ್ಟಿಲ ಕಡೆ ನಡೆದಳು.

ಆರ್ವಿ ಏನು ಮಾಡಬೇಕೆಂದು ತಿಳಿಯದೆ ಆಟ ಶುರು ಮಾಡಿದ. ಬಾಣದ ಕೀ ಒತ್ತಿದ. ಬೂದು ಪೆಟ್ಟಿಗೆ ಹೊರಟಿತು.

ಕರಕ್. ಕರಕ್. ಕರಕ್.

ಬೆಳಗಿನಿಂದ ಹೆಡ್‌ಫೋನಿನೊಳಗೇ ಮುಗಿಯುತ್ತಿದ್ದ ಸದ್ದು ಈಗ ಕೋಣೆಯ ತುಂಬ ಬಂತು. ರಬ್ಬರ್ ಬೂಟು ಗಟ್ಟಿ ಹಿಮವನ್ನು ಒಡೆದು ಊರುವ ಸದ್ದು, ಅದರ ಹಿಂದೆಯೇ ಜಾರುಬಂಡಿಯ ಮರ ಉಜ್ಜುವ ಸದ್ದು. ನಾಲ್ಕು ಹೆಜ್ಜೆಗೊಮ್ಮೆ, ಬಾಯಲ್ಲಿ ಉಸಿರು ಬಿಡುವ ಒಬ್ಬ ಮುದುಕಿಯ ಸದ್ದು. ಚಿತ್ರಗಳನ್ನೆಲ್ಲ ತೆಗೆದ ಇಬ್ಬರಿಗೂ ಅಂದು ಕೆರೆಯ ಮೇಲೆ ಹಿಡಿದ ಈ ಸದ್ದು ನೆನಪಾಗಿರಲಿಲ್ಲ.

ಮೆಟ್ಟಿಲ ನಡುವೆ ಓಡೆಟ್‌ಳ ಕಾಲು ನಿಂತಿತು. ಮೇಲಿನಿಂದ ಹಿಲ್ಕಾ ಕಾಫಿಗೆ ಕೂಗಿದರು. ಅವಳು ಡಬ್ಬಿಯನ್ನು ಎದೆಗವಚಿಕೊಂಡು, ಗೋಡೆಗೆ ಭುಜ ಕೊಟ್ಟು ನಿಂತುಬಿಟ್ಟಳು.

ಆರ್ವಿ ಕೀಯಿಂದ ಬೆರಳೆತ್ತಲಿಲ್ಲ. ಪೆಟ್ಟಿಗೆ ಏರು ಹತ್ತಿತು, ಇಳಿಯಿತು, ಬಿರುಕುಗಳನ್ನು ದಾಟಿತು, ಕೆರೆ ಮುಗಿದು ಆಚೆ ದಡ ಬಂತು. ಅಲ್ಲಿ ಗುಡಿಸಲಿರಲಿಲ್ಲ, ಅದೂ ಓಡೆಟ್ ಬರೆದದ್ದೇ ಎಂದು ಅವನು ಬೆಳಗ್ಗೆಯೇ ತೆಗೆದಿದ್ದ. ಮುಂದೆ ಹೋಗಲು ಜಾಗವಿಲ್ಲದೆ, ಪರದೆಯ ಅಂಚಿಗೆ ತಾಗಿಕೊಂಡು, ಪೆಟ್ಟಿಗೆ ನಿಂತಲ್ಲೇ ನಡೆಯುತ್ತಿತ್ತು. ಕರಕ್, ಕರಕ್. ಅವನ ಬೆರಳು ಮರಗಟ್ಟತೊಡಗಿತು. ಇನ್ನೊಂದು ಕೈಯ ಬೆರಳನ್ನು ಅದರ ಮೇಲಿಟ್ಟು ಒತ್ತಿಕೊಂಡು ಕೂತ.